ಹಿಂದಿನ ಆಕ್ಸಲ್‌ನ ಅನುಪಾತ ಎಷ್ಟು? ಡಯಲ್ ಬಿಡಿ, ಸುತ್ತು ಎಣಿಸಿ

ಡಯಲ್‌ಗಳನ್ನು ನಂಬಿದರೆ ನನ್ನ ಕಾರಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಅದು 1965ರ ಎಂಜಿಬಿ ರೋಡ್‌ಸ್ಟರ್, ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ನಾಲ್ಕು ಗೇರ್, ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಸುತ್ತು ಇನ್ನೂ ತಗ್ಗಿಸುವ ಹೆಚ್ಚುವರಿ ಗೇರ್) ಇಲ್ಲ. ಟಾಪ್ ಗೇರಿನಲ್ಲಿ ಸ್ಪೀಡೋಮೀಟರ್ ಮುಳ್ಳು 62 ಮೈಲಿಯ ಹತ್ತಿರ ಇದ್ದಾಗ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಟ್ಯಾಕೋಮೀಟರ್ 3,450ರ ಆಸುಪಾಸು ನಿಲ್ಲುತ್ತಿತ್ತು. ಪುಸ್ತಕದ ಲೆಕ್ಕವೂ ಅಷ್ಟೇ. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ದೂರದ ದಾರಿಯಲ್ಲಿ ಎಂಜಿನ್ ಸದಾ ಕಿರುಚಿಕೊಂಡೇ ಓಡುತ್ತಿತ್ತು. ಇನ್ನೊಂದು ಗೇರ್ ಬಾಕಿ ಇದೆಯೇನೋ ಅಂತ ಕೈ ತಾನಾಗಿ ಲಿವರ್ ಕಡೆ ಹೋಗುತ್ತಿತ್ತು.

ಒಂದು ದಿನ ಫೋನಿನ ಜಿಪಿಎಸ್ ಹಾಕಿಕೊಂಡು ಓಡಿಸಿದೆ. ನಿಜವಾದ ವೇಗ ಗಂಟೆಗೆ 100 ಕಿ.ಮೀ., ಅಂದರೆ 62 ಮೈಲಿ ಇದ್ದಾಗ ಸ್ಪೀಡೋಮೀಟರ್ 68 ತೋರಿಸಿತು. ಟ್ಯಾಕೋಮೀಟರ್ 3,800. ಎರಡೂ ಶೇ 10ರಷ್ಟು ಜಾಸ್ತಿ. ಎರಡೂ ಒಟ್ಟಿಗೇ ತಪ್ಪಿದ್ದರಿಂದ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡೇ ಇದ್ದವು. ನಾನು ತಿಂಗಳುಗಟ್ಟಲೆ ನೋಡಿದ್ದು ಆ ಹೊಂದಿಕೆಯನ್ನು ಮಾತ್ರ.

ಹೀಗೇಕೆ ಅನ್ನುವುದು ಸರಳ. ಶಕ್ತಿ ಎಂಜಿನ್‌ನಿಂದ ಕ್ಲಚ್‌ಗೆ, ಅಲ್ಲಿಂದ ಗೇರ್‌ಬಾಕ್ಸ್‌ಗೆ, ಕಾರಿನ ಕೆಳಗೆ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ, ಕೊನೆಗೆ ಆಕ್ಸಲ್‌ಗೆ ಮತ್ತು ಚಕ್ರಕ್ಕೆ ಹೋಗುತ್ತದೆ. ಟ್ಯಾಕೋಮೀಟರ್ ಓದುವುದು ಎಂಜಿನ್ನನ್ನು. ಸ್ಪೀಡೋಮೀಟರ್ ಕೇಬಲ್ ಹೊರಡುವುದು ಗೇರ್‌ಬಾಕ್ಸ್‌ನ ಬಾಲದಿಂದ. ಇವೆರಡೂ ಆಕ್ಸಲ್‌ಗಿಂತ ಮುಂಚೆಯೇ ಕೂತಿವೆ. ಆಕ್ಸಲ್ ಒಳಗೆ ಯಾವ ಗೇರ್ ಇದ್ದರೂ ಇವೆರಡರ ನಡುವಿನ ಲೆಕ್ಕ ಬದಲಾಗುವುದೇ ಇಲ್ಲ. ಹಾಗಾಗಿ ಡ್ಯಾಶ್‌ಬೋರ್ಡ್ ನೋಡಿ ಆಕ್ಸಲ್ ಅನುಪಾತ, ಅಂದರೆ ಚಕ್ರಗಳ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದನ್ನು ಹೇಳಲು ಯಾರಿಂದಲೂ ಆಗದು. ಹೊರಗಿನಿಂದ ಅಳೆದ ನಿಜವಾದ ವೇಗ ಬೇಕೇ ಬೇಕು. ಓಡೋಮೀಟರ್ ಕೂಡ ಅದೇ ಕೇಬಲ್‌ನಿಂದ ನಡೆಯುತ್ತದೆ, ಮರೆಯಬೇಡಿ. ನನ್ನ ಕಾರು 100 ಮೈಲಿ ಹೋದರೆ 110 ಬರೆದುಕೊಳ್ಳುತ್ತಿತ್ತು. ಅದಕ್ಕೇ ಪೆಟ್ರೋಲ್ ಲೆಕ್ಕವೂ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಮೊದಲು: ತಪ್ಪು ಎಲ್ಲಿದೆ?

ಆಕ್ಸಲ್ ಕಡೆ ಸ್ಪ್ಯಾನರ್ ಹಿಡಿದು ಹೋಗುವ ಮೊದಲು ಮೂರು ಅಂಕಿ ಬರೆದುಕೊಳ್ಳಿ: ಜಿಪಿಎಸ್ ವೇಗ, ಸ್ಪೀಡೋಮೀಟರ್ ವೇಗ, ಆರ್‌ಪಿಎಂ (ಟ್ಯಾಕೋಮೀಟರ್ ತೋರಿಸುವ, ನಿಮಿಷಕ್ಕೆ ಎಂಜಿನ್ ಸುತ್ತು). ಸಮತಟ್ಟಾದ ರಸ್ತೆ, ಟಾಪ್ ಗೇರ್, ವೇಗ ಏರದೆ ಇಳಿಯದೆ ಅರ್ಧ ನಿಮಿಷ ನಿಂತಿರಬೇಕು. ಅಂಕಿ ಬರೆದುಕೊಳ್ಳಲು ಪಕ್ಕದಲ್ಲಿ ಒಬ್ಬರು ಕೂತಿರಲಿ. ಈ ಮೂರರಲ್ಲಿ ಯಾವ ಎರಡು ಹೊಂದುತ್ತವೆ ಅನ್ನುವುದೇ ಮುಂದಿನ ದಾರಿ ತೋರಿಸುತ್ತದೆ.

ಸ್ಪೀಡೋಮೀಟರ್ ಮತ್ತು ಜಿಪಿಎಸ್ ಹೊಂದುತ್ತವೆ, ಆರ್‌ಪಿಎಂ ಮಾತ್ರ ತಪ್ಪು ಅಂದರೆ ಆಕ್ಸಲ್ ಮುಟ್ಟಬೇಡಿ. ತೊಂದರೆ ಗೇರ್‌ಬಾಕ್ಸ್‌ನ ಬಾಲದಿಂದ ಎಂಜಿನ್ ಕಡೆಗೆ ಇದೆ. ಗ್ಯಾಸ್ ಒತ್ತಿದಾಗ ಆರ್‌ಪಿಎಂ ಹಾರಿ, ಬಿಟ್ಟಾಗ ಇಳಿಯುತ್ತಿದ್ದರೆ ಕ್ಲಚ್ ಜಾರುತ್ತಿದೆ. ಯಾವಾಗಲೂ ಶೇ 20ರಷ್ಟು ಒಂದೇ ಸಮನೆ ವ್ಯತ್ಯಾಸ ಇದ್ದರೆ ಓವರ್‌ಡ್ರೈವ್ ಕೂರುತ್ತಿಲ್ಲ, ಇಲ್ಲವೇ ಬಿಡುತ್ತಿಲ್ಲ. ಓವರ್‌ಡ್ರೈವ್ ಸಿಕ್ಕಿಕೊಂಡಿದೆ ಅನ್ನುವ ಅನುಮಾನ ಬಂದರೆ ಕಾರನ್ನು ರಿವರ್ಸ್ ಮಾಡಬೇಡಿ. ಅದರ ಒಳಗಿನ ಒಮ್ಮುಖ ಕ್ಲಚ್ ಒಡೆದು ಹೋಗುತ್ತದೆ. ಇವೆರಡೂ ಅಲ್ಲದಿದ್ದರೆ ಟ್ಯಾಕೋಮೀಟರೇ ಸುಳ್ಳು ಹೇಳುತ್ತಿರಬಹುದು. ಹಳೆಯ ಕಾರುಗಳಲ್ಲಿ ಇದು ಅಪರೂಪವೇನಲ್ಲ. ಸ್ಪಾರ್ಕ್ ಪ್ಲಗ್‌ನ ಕಿಡಿಗೆ ತಕ್ಕಂತೆ ಮಿನುಗಿ ಆರ್‌ಪಿಎಂ ತೋರಿಸುವ ಟೈಮಿಂಗ್ ಲೈಟ್ ಇದ್ದರೆ ಹೋಲಿಸಿ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಕಿಡಿ. 3,000 ಆರ್‌ಪಿಎಂಗೆ ಸೆಕೆಂಡಿಗೆ 100 ಕಿಡಿ.

ಆರ್‌ಪಿಎಂ ಮತ್ತು ಜಿಪಿಎಸ್ ಹೊಂದುತ್ತವೆ, ಸ್ಪೀಡೋಮೀಟರ್ ಒಂದೇ ತಪ್ಪು ಅಂದರೆ ಅದು ಬರೀ ಮೀಟರಿನ ಸಮಸ್ಯೆ. ಸ್ಮಿತ್ಸ್ ಕಂಪನಿಯ ಮೀಟರ್‌ಗಳ ಡಯಲ್ ಕೆಳಗೆ ಒಂದು ಚಿಕ್ಕ ಸಂಖ್ಯೆ ಇರುತ್ತದೆ. ಎಷ್ಟೋ ಎಂಜಿಬಿಗಳಲ್ಲಿ ಅದು 1280. ಒಂದು ಮೈಲಿಗೆ ಕೇಬಲ್ 1,280 ಸುತ್ತು ತಿರುಗಿದರೆ ಮೀಟರ್ ಸರಿ ತೋರಿಸುತ್ತದೆ ಅಂತ ಅದರ ಅರ್ಥ. ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ, ಒಳಗಿನ ತಂತಿಗೆ ಕಾಗದದ ಬಾವುಟ ಅಂಟಿಸಿ, ಗೇರ್ ನ್ಯೂಟ್ರಲ್‌ನಲ್ಲಿ ಕಾರನ್ನು 16.09 ಮೀಟರ್ ನೇರವಾಗಿ ತಳ್ಳಿ. ಇದು ಮೈಲಿಯ ನೂರನೇ ಒಂದು ಭಾಗ. ಬಾವುಟ 12.8 ಸುತ್ತು ಬರಬೇಕು. ಬಂದರೂ ಮೀಟರ್ ತಪ್ಪು ತೋರಿಸಿದರೆ ಮೀಟರ್ ರಿಪೇರಿಗೆ ಕೊಡಿ.

ಮೂರನೆಯದು ನನ್ನ ಕಾರಿನ ಕಥೆ. ಸ್ಪೀಡೋಮೀಟರೂ ಆರ್‌ಪಿಎಮ್ಮೂ ಒಂದಕ್ಕೊಂದು ಹೊಂದುತ್ತವೆ, ಜಿಪಿಎಸ್ ಜೊತೆ ಮಾತ್ರ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪು. ಆಗ ತಪ್ಪು ಗೇರ್‌ಬಾಕ್ಸ್ ದಾಟಿದ ಮೇಲೆ ಇದೆ. ಅಲ್ಲಿ ಉಳಿದಿರುವುದು ಎರಡೇ: ಆಕ್ಸಲ್ ಮತ್ತು ಟೈರ್.

ಟೈರ್ ಲೆಕ್ಕ

ಟೈರನ್ನು ಮೊದಲು ಪಟ್ಟಿಯಿಂದ ಹೊರಗಿಡೋಣ, ಅದು ಸುಲಭ. ಎಂಜಿಬಿಗೆ ಬರುತ್ತಿದ್ದ 165 ಅಳತೆಯ 14 ಇಂಚಿನ ರೇಡಿಯಲ್ ಟೈರ್ ಲೆಕ್ಕದ ಪ್ರಕಾರ ಸುಮಾರು 620 ಮಿ.ಮೀ. ವ್ಯಾಸದ್ದು. ಅದರಿಂದ ಸುತ್ತಳತೆ 1.95 ಮೀ. ಬರುತ್ತದೆ. ಆದರೆ ಭಾರ ಬಿದ್ದಾಗ ಟೈರ್ ಕೆಳಗೆ ಚಪ್ಪಟೆಯಾಗುತ್ತದೆ, ಹಾಗಾಗಿ ಒಂದು ಸುತ್ತಿಗೆ ಕಾರು ಹೋಗುವುದು ಸುಮಾರು 1.88 ಮೀ. ಮಾತ್ರ. ಈ ಶೇ 3-4ರ ವ್ಯತ್ಯಾಸ ಮರೆತರೆ ಮುಂದಿನ ಲೆಕ್ಕವೆಲ್ಲ ಓರೆಯಾಗುತ್ತದೆ. ಅದಕ್ಕೇ ಪುಸ್ತಕದ ಸುತ್ತಳತೆ ಬೇಡ, ನಿಮ್ಮದೇ ಅಳೆಯಿರಿ. ಗಾಳಿ ಸರಿಯಾಗಿ ತುಂಬಿಸಿ. ಟೈರ್ ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ಸೀಟಿನಲ್ಲಿ ಕೂರಲಿ. ಐದು ಸುತ್ತು ನೇರವಾಗಿ ತಳ್ಳಿ, ದೂರ ಅಳೆದು ಐದರಿಂದ ಭಾಗಿಸಿ. ನನಗೆ 9.4 ಮೀ. ಬಂತು, ಅಂದರೆ ಸುತ್ತಿಗೆ 1.88.

ಬೇರೆ ಅಳತೆಯ ಟೈರ್ ಹಾಕಿಸಿದ್ದರೂ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದೇ. ಅದೇ ರಿಮ್ಮಿಗೆ 185/70 ಹಾಕಿದರೆ ವ್ಯಾಸ ಶೇ 1ರಷ್ಟೂ ಬದಲಾಗದು. 185/65 ಹಾಕಿದರೆ ಶೇ 4ರ ಹತ್ತಿರ ಕಡಿಮೆಯಾಗುತ್ತದೆ. ಶೇ 10 ತಪ್ಪು ಬರಬೇಕಾದರೆ ಟೈರ್ ಎಷ್ಟು ಚಿಕ್ಕದಿರಬೇಕೆಂದರೆ, ಕಾರು ನೋಡಿದ ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಸುತ್ತಳತೆ ಸಿಕ್ಕ ಮೇಲೆ ಎರಡು ಗುಣಾಕಾರ, ಒಂದು ಭಾಗಾಕಾರ. ಆರ್‌ಪಿಎಂ ಅನ್ನು ಸುತ್ತಳತೆಯಿಂದ ಗುಣಿಸಿ, 0.06ರಿಂದ ಗುಣಿಸಿ, ಜಿಪಿಎಸ್ ವೇಗದಿಂದ ಭಾಗಿಸಿ. ಟಾಪ್ ಗೇರ್ ನೇರ, ಅಂದರೆ 1:1 ಇದ್ದರೆ ಬಂದದ್ದೇ ಆಕ್ಸಲ್ ಅನುಪಾತ. ನನ್ನದು: 3,800 × 1.88 × 0.06 ÷ 100 = 4.29. ನಾಲ್ಕು ಸಿಲಿಂಡರ್ ಎಂಜಿಬಿಗೆ ಕಾರ್ಖಾನೆಯಿಂದ ಬರುತ್ತಿದ್ದದ್ದು 3.909. ನನ್ನ ಅನುಮಾನ ಅಲ್ಲಿಗೆ ಗಟ್ಟಿಯಾಯಿತು.

ಇಷ್ಟಕ್ಕೇ ನಿಲ್ಲಿಸಬೇಡಿ. ಟ್ಯಾಕೋಮೀಟರ್ ಶೇ 5 ಆಚೀಚೆ ಇದ್ದರೆ 4.3 ಯಾವುದು, 4.1 ಯಾವುದು ಅಂತ ಈ ಲೆಕ್ಕ ಹೇಳದು. ಅವೆರಡರ ನಡುವಿನ ಅಂತರವೇ ಶೇ 5. ಬಿಡಿಭಾಗಕ್ಕೆ ದುಡ್ಡು ಸುರಿಯುವ ಮೊದಲು ಸುತ್ತು ಎಣಿಸಲೇಬೇಕು.

ಸುತ್ತು ಎಣಿಸುವುದು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. "ಚಕ್ರ ಒಂದು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ತಿರುಗಿತು ನೋಡಿ" ಅಂತ ಎಲ್ಲರೂ ಹೇಳುತ್ತಾರೆ. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಆಕ್ಸಲ್ ಒಳಗೆ ಇರುವುದನ್ನು ಮರೆತ ಮಾತು ಅದು. ನಾನು ಮೊದಲ ಸಲ ಹಿಂದಿನ ಎರಡೂ ಚಕ್ರ ಎತ್ತಿ ಒಂದನ್ನು ತಿರುಗಿಸಿದಾಗ ಇನ್ನೊಂದು ಚಕ್ರ ಹಿಮ್ಮುಖವಾಗಿ ತಿರುಗಿತು. ಶಾಫ್ಟ್ ಅಲುಗಲೇ ಇಲ್ಲ. ಆಮೇಲೆ ಒಂದೇ ಚಕ್ರ ಎತ್ತಿ ಒಂದು ಸುತ್ತು ತಿರುಗಿಸಿದೆ, 2.15 ಬಂತು. ಅಂಥ ಅನುಪಾತದ ಎಂಜಿಬಿ ಎಲ್ಲೂ ಇಲ್ಲ.

ಡಿಫರೆನ್ಷಿಯಲ್‌ನ ನಿಯಮ ಇಷ್ಟೇ: ಕ್ರೌನ್ ವೀಲ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ; ಶಾಫ್ಟ್ ಕಡೆಯ ಚಿಕ್ಕ ಗೇರ್ ಪಿನಿಯನ್ ಇದನ್ನು ತಿರುಗಿಸುತ್ತದೆ) ತಿರುಗುವುದು ಎರಡು ಚಕ್ರಗಳ ಸರಾಸರಿಯಷ್ಟು. ಒಂದು ಚಕ್ರ ನೆಲದ ಮೇಲೆ ಗಟ್ಟಿಯಾಗಿ ನಿಂತು, ಇನ್ನೊಂದು ಎರಡು ಸುತ್ತು ತಿರುಗಿದರೆ ಕ್ರೌನ್ ವೀಲ್ ಒಂದು ಸುತ್ತು ತಿರುಗಿರುತ್ತದೆ. ಹಾಗಾಗಿ ಒಂದೇ ಚಕ್ರ ಎತ್ತಿದಾಗ ಚಕ್ರದ ಎರಡು ಸುತ್ತಿಗೆ ಶಾಫ್ಟ್ ಎಷ್ಟು ತಿರುಗುತ್ತದೋ ಅದೇ ಅನುಪಾತ. ನನಗೆ ಬಂದ 2.15ನ್ನು ಎರಡರಿಂದ ಗುಣಿಸಿದರೆ 4.3. ಉತ್ತರ ಕಣ್ಣೆದುರೇ ಇತ್ತು.

ಕೆಲಸದ ಕ್ರಮ ಹೀಗೆ. ನೆಲ ಸಮತಟ್ಟಾಗಿರಲಿ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಅಡ್ಡ ಕೊಡಿ. ನೆಲದ ಮೇಲೆ ಉಳಿಯುವ ಹಿಂದಿನ ಚಕ್ರಕ್ಕೂ ಕೊಡಿ. ಇನ್ನೊಂದು ಬದಿಯನ್ನು ಜ್ಯಾಕಿನಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಭಾರವನ್ನು ಸ್ಟ್ಯಾಂಡ್ ಮೇಲೆ ಬಿಡಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಎಂಜಿನ್ ಆಫ್ ಆಗಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಒಂದು ಚಕ್ರ ಎತ್ತಿಟ್ಟು ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದರೆ ಕಾರು ಸ್ಟ್ಯಾಂಡ್‌ನಿಂದ ಹಾರಿ ಬೀಳುತ್ತದೆ. ಎಣಿಕೆಗೆ ಎಂಜಿನ್ ಬೇಕಾಗಿಯೇ ಇಲ್ಲ.

ಟೈರ್ ಮೇಲೆ ಒಂದು ಗೆರೆ, ಅದರ ಎದುರು ಮಡ್‌ಗಾರ್ಡ್‌ಗೆ ಒಂದು ತುಂಡು ಟೇಪ್. ಪ್ರೊಪೆಲ್ಲರ್ ಶಾಫ್ಟ್‌ನ ಹಿಂದಿನ ಫ್ಲೇಂಜ್ ಮೇಲೆ ಒಂದು ಗೆರೆ, ಎದುರಿಗೆ ಆಕ್ಸಲ್ ಹೌಸಿಂಗ್ ಮೇಲೆ ಇನ್ನೊಂದು. ಆಮೇಲೆ ಸಡಿಲು ತೆಗೆಯಿರಿ. ಈ ಮಾತನ್ನು ಯಾರೂ ಹೇಳುವುದಿಲ್ಲ, ಆದರೆ ಇದು ಮುಖ್ಯ. ಹಳೆಯ ಆಕ್ಸಲ್‌ನಲ್ಲಿ ಗೇರ್ ಹಲ್ಲುಗಳ ನಡುವೆ, ಸ್ಪ್ಲೈನ್‌ಗಳಲ್ಲಿ (ಶಾಫ್ಟ್ ತುದಿಯ ಉದ್ದುದ್ದ ಹಲ್ಲುಗಳಲ್ಲಿ) ಆಟ ಇದ್ದೇ ಇರುತ್ತದೆ. ಚಕ್ರವನ್ನು ತಿರುಗಿಸುವ ದಿಕ್ಕಿಗೇ ಸ್ವಲ್ಪ ತಿರುಗಿಸಿ, ಶಾಫ್ಟ್ ಅಲುಗಲು ಶುರುವಾದ ಮೇಲೆ ನಿಲ್ಲಿಸಿ, ಆಗ ಗುರುತುಗಳನ್ನು ಹೊಂದಿಸಿಕೊಳ್ಳಿ. ನಂತರ ಒಂದೇ ದಿಕ್ಕಿನಲ್ಲಿ ಹೋಗಿ. ನಡುವೆ ಹಿಂದೆ ತಿರುಗಿಸಿದರೆ ಮೊದಲಿಂದ ಶುರು ಮಾಡಿ.

ಎಣಿಸಲು ಇನ್ನೊಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಇದ್ದರೆ ಶಾಫ್ಟ್‌ಗೆ ದಪ್ಪ ಟೇಪಿನ ಕಿವಿಯೊಂದನ್ನು ಅಂಟಿಸಿ, ಅದು ಪ್ರತಿ ಸುತ್ತಿಗೂ ತಗುಲುವಂತೆ ಒಂದು ರಟ್ಟಿನ ಪಟ್ಟಿ ನಿಲ್ಲಿಸಿ. "ಟಕ್" ಅನ್ನುವ ಸದ್ದು ಎಣಿಸಿದರಾಯಿತು.

ಎಷ್ಟು ಸುತ್ತು? ಚಕ್ರದ 20 ಸುತ್ತು, ಅಂದರೆ ಕ್ರೌನ್ ವೀಲ್‌ನ 10 ಸುತ್ತು. ಎರಡೇ ಸುತ್ತಿಗೆ ನಿಲ್ಲಿಸಿದರೆ "ಸುಮಾರು 4" ಅನ್ನಬಹುದು, ಅಷ್ಟೇ. ಹತ್ತಾದರೆ ಹಲ್ಲುಗಳ ಸಂಖ್ಯೆಯೇ ಬಯಲಾಗುತ್ತದೆ. ಉದಾಹರಣೆಗೆ "3.9" ಅಂತ ಜನ ಕರೆಯುವ ಜೋಡಿಗಳು ಒಂದಕ್ಕಿಂತ ಹೆಚ್ಚಿವೆ: 43 ಮತ್ತು 11 ಹಲ್ಲಿನದು 3.909, 39 ಮತ್ತು 10ರದು 3.900, 35 ಮತ್ತು 9ರದು 3.889. ಹತ್ತು ಸುತ್ತಿನ ಕೊನೆಯಲ್ಲಿ ಶಾಫ್ಟ್ ಕ್ರಮವಾಗಿ 39.09, 39.00, 38.89 ಸುತ್ತು ತಿರುಗಿರುತ್ತದೆ. ಒಂದರಿಂದ ಇನ್ನೊಂದಕ್ಕೆ 30ರಿಂದ 40 ಡಿಗ್ರಿ ಅಂತರ. ಸಡಿಲು ತೆಗೆದಿದ್ದರೆ ಇದು ಬರಿಗಣ್ಣಿಗೇ ಕಾಣುತ್ತದೆ.

ನನ್ನ ಕಾರಿನಲ್ಲಿ 20 ಸುತ್ತಿಗೆ ಶಾಫ್ಟ್ 43 ಸುತ್ತು ತಿರುಗಿ, ಗುರುತು ಹೊರಟ ಜಾಗಕ್ಕೇ ಬಂದು ನಿಂತಿತು. 43ಕ್ಕೆ 10. ಇದು ಎಂಜಿಬಿಗಿಂತ ಹಿಂದಿನ ಮಾದರಿಯಾದ ಎಂಜಿಎ 1500 ಮತ್ತು 1600 ಕಾರುಗಳ ಅನುಪಾತ. ಮೊದಮೊದಲ ಎಂಜಿಬಿಗಳ ಬ್ಯಾಂಜೊ ಆಕ್ಸಲ್ (ನಡುವೆ ಬ್ಯಾಂಜೊ ವಾದ್ಯದಂತೆ ದುಂಡಗಿರುವುದು) ಎಂಜಿಎ ಆಕ್ಸಲ್‌ನ ಮನೆತನದ್ದೇ ಆದ್ದರಿಂದ ಹಿಂದೆ ಯಾರೋ ಗುಡ್ಡದ ಓಟಕ್ಕೋ, ಸಿಕ್ಕಿತೆಂದೋ ಇದನ್ನು ಹಾಕಿರಬೇಕು. 43/11 ಇದ್ದಿದ್ದರೆ 20 ಸುತ್ತಿಗೆ ಗುರುತು ಸ್ವಲ್ಪ ದಾಟಿ ನಿಲ್ಲುತ್ತಿತ್ತು. 22 ಸುತ್ತಿಗೆ ಮಾತ್ರ ಸರಿಯಾಗಿ ಮನೆ ಸೇರುತ್ತಿತ್ತು.

ಎತ್ತಿದ ಚಕ್ರ ತಿರುಗಿಸಲು ಆಗುತ್ತಲೇ ಇಲ್ಲವೇ? ಮೊದಲು ಬ್ರೇಕ್ ಶೂ ಉಜ್ಜುತ್ತಿದೆಯಾ ನೋಡಿ, ಅಡ್ಜಸ್ಟರ್ ಸ್ವಲ್ಪ ಸಡಿಲಿಸಿ. ಆಮೇಲೂ ಆಗದಿದ್ದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದೇ ಚಕ್ರ ಸುಲಭವಾಗಿ ತಿರುಗದಂತೆ ತಡೆಯುವ ಬಗೆ ಇರಬಹುದು. ಆಗ ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಒಂದೇ ದಿಕ್ಕಿಗೆ ತಿರುಗಿಸಿ. ಇಲ್ಲಿ ಎರಡರ ಲೆಕ್ಕ ಬೇಡ, ಚಕ್ರದ ಒಂದು ಸುತ್ತೇ ಕ್ರೌನ್ ವೀಲ್‌ನ ಒಂದು ಸುತ್ತು.

ಕಾರು ಎತ್ತಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿ ಇದೆ, ನನಗೆ ಇದು ಇನ್ನೂ ಹೆಚ್ಚು ಇಷ್ಟ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಟಾಪ್ ಗೇರ್ ಹಾಕಿ, ಕಾರನ್ನು ನೇರವಾಗಿ ತಳ್ಳಿ. ಟಾಪ್ ಗೇರ್ ನೇರವಾದ್ದರಿಂದ ಮುಂದಿನ ಕ್ರ್ಯಾಂಕ್ ಪುಲ್ಲಿಯೂ ಪ್ರೊಪೆಲ್ಲರ್ ಶಾಫ್ಟೂ ಒಂದೇ ಸಮ ತಿರುಗುತ್ತವೆ. ಹಿಂದಿನ ಚಕ್ರ 10 ಸುತ್ತು ಬರುವಷ್ಟರಲ್ಲಿ ಪುಲ್ಲಿ ಎಷ್ಟು ಸುತ್ತು ಬಂತು ಎಣಿಸಿ. ಎರಡೂ ಚಕ್ರ ನೆಲದ ಮೇಲೇ ಇರುವುದರಿಂದ ಡಿಫರೆನ್ಷಿಯಲ್ ಗೊಂದಲವೇ ಇಲ್ಲ. 19 ಮೀಟರಿನಷ್ಟು ಸಮತಟ್ಟು ಜಾಗ, ತಳ್ಳಲು ಇಬ್ಬರು, ಬಾನೆಟ್ ತೆರೆದು ಪಕ್ಕದಲ್ಲಿ ನಡೆಯುತ್ತಾ ಎಣಿಸಲು ಒಬ್ಬರು, ಸ್ಟೀರಿಂಗ್ ಮತ್ತು ಬ್ರೇಕಿಗೆ ಒಬ್ಬರು ಬೇಕು.

ಬಂದ ಅಂಕಿ ಯಾವ ಕಾರಿನದು?

ಯಾವ ಮಾದರಿಗೂ ಕಾರ್ಖಾನೆ ಹಾಕುತ್ತಿದ್ದ ಅನುಪಾತಗಳು ಕೆಲವೇ. ನಿಮಗೆ ಬಂದದ್ದು ಅವುಗಳಲ್ಲಿ ಯಾವುದಕ್ಕೂ ಹತ್ತಿರ ಇಲ್ಲದಿದ್ದರೆ ಮತ್ತೆ ಎಣಿಸಿ. ಎಂಜಿಬಿ ಜಿಟಿ ವಿ8 ಕಾರಿನದು 3.07. ಎಂಜಿಸಿಯಲ್ಲಿ 3.07, 3.31, 3.7 ಬಂದಿವೆ. ಟ್ರಯಂಫ್ ಟಿಆರ್4ಕ್ಕೆ 3.7 ಮತ್ತು 4.1, ಟಿಆರ್6ಕ್ಕೆ 3.45 ಮತ್ತು 3.7. ಸ್ಪಿಟ್‌ಫೈರ್‌ಗೆ 4.11ರಿಂದ ಶುರುವಾಗಿ 3.89, ಕೊನೆಗೆ 3.63. ಜಾಗ್ವಾರ್ ಇ-ಟೈಪ್‌ಗೆ 3.07, 3.31, 3.54. ಡಾಟ್ಸನ್ 240ಝಡ್‌ಗೆ 3.364 ಮತ್ತು 3.9. ಈ ಹೆಸರುಗಳಲ್ಲಿ ಕೆಲವು ಹಿಂದೆ ಗಟ್ಟಿ ಆಕ್ಸಲ್ ಇಲ್ಲದ, ಬಿಡಿ ಸಸ್ಪೆನ್ಷನ್ ಕಾರುಗಳು. ಎಣಿಕೆಯ ನಿಯಮ ಅವಕ್ಕೂ ಅದೇ, ಸ್ಟ್ಯಾಂಡ್ ಇಡುವ ಜಾಗ ಮಾತ್ರ ಬೇರೆ.

ಎಂಜಿಬಿಗೆ 3.07 ಹಾಕಿದ್ದರೆ ಲಕ್ಷಣ ತಿರುಗಾಮುರುಗಾ ಇರುತ್ತದೆ. 100 ಕಿ.ಮೀ. ವೇಗಕ್ಕೆ ಆರ್‌ಪಿಎಂ 2,720ರ ಹತ್ತಿರ ಇರುತ್ತದೆ, ಸ್ಪೀಡೋಮೀಟರ್ 62ರ ಬದಲು 49 ತೋರಿಸುತ್ತದೆ, ಏರಿನಲ್ಲಿ ಕಾರು ಸೋಲುತ್ತದೆ. ಅಂಥ ಕಾರನ್ನು "ಎಂಜಿನ್‌ಗೆ ಶಕ್ತಿಯಿಲ್ಲ" ಅಂತ ಬಿಚ್ಚಿ ಹಾಕಿದವರಿದ್ದಾರೆ. ಎಂಜಿನ್ ಮುಟ್ಟುವ ಮೊದಲು ಒಂದು ಸಲ ಸುತ್ತು ಎಣಿಸಿದ್ದರೆ ಸಾಕಿತ್ತು.

ಇಷ್ಟಾದ ಮೇಲೂ ಕಣ್ಣಾರೆ ನೋಡಬೇಕೆಂದರೆ ಹಲ್ಲಿನ ಸಂಖ್ಯೆ ಕ್ರೌನ್ ವೀಲ್ ಮೇಲೆ ಕೊರೆದಿರುವುದು ಸಾಮಾನ್ಯ. ನಂತರದ ಎಂಜಿಬಿಗಳ ಆಕ್ಸಲ್‌ಗೆ ಹಿಂದೆ ಕವರ್ ಇದೆ. ಎಣ್ಣೆ ಇಳಿಸಿ ಅದನ್ನು ತೆಗೆದರೆ ಕ್ರೌನ್ ವೀಲ್ ಕಾಣುತ್ತದೆ. ಬ್ಯಾಂಜೊ ಆಕ್ಸಲ್‌ನಲ್ಲಿ ಹಾಗಲ್ಲ. ಎರಡೂ ಬದಿಯ ಹಾಫ್ ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ದಂಡ) ಎಳೆದು, ಮುಂದಿನಿಂದ ಡಿಫರೆನ್ಷಿಯಲ್ ಗಂಟನ್ನೇ ಹೊರಗೆ ತೆಗೆಯಬೇಕು. ಸುಮ್ನೆ ನೋಡಲಿಕ್ಕೆಂದು ಮಾಡುವ ಕೆಲಸ ಅಲ್ಲ ಅದು.

ಸರಿಪಡಿಸುವುದು

4.3 ಕೆಟ್ಟದ್ದೇನಲ್ಲ. ಪಿಕಪ್ ಚುರುಕಾಗಿರುತ್ತದೆ, ತಿರುವುಗಳ ದಾರಿಯಲ್ಲಿ ಓಡಿಸಲು ಖುಷಿ. ಹಾಗೇ ಇಟ್ಟುಕೊಳ್ಳುವವರು ಸ್ಪೀಡೋಮೀಟರನ್ನು ಹೊಸ ಲೆಕ್ಕಕ್ಕೆ ಸರಿ ಮಾಡಿಸಿಕೊಳ್ಳಲೇಬೇಕು. ನನ್ನ ಓಡಾಟ ದೂರದ್ದು, ಆದ್ದರಿಂದ 3.909ಕ್ಕೆ ಮರಳಿದೆ.

ಬದಲಿಸುವುದಾದರೆ ಕ್ರೌನ್ ವೀಲ್ ಮತ್ತು ಪಿನಿಯನ್ ಒಂದೇ ಜೋಡಿಯಾಗಿ ಬರಬೇಕು. ಒಂದನ್ನೊಂದು ಉಜ್ಜಿ ಕೂಡಿಸಿದ ಜೋಡಿ ಅದು. ಬೇರೆ ಜೋಡಿಯ ಪಿನಿಯನ್ ಸೇರಿಸಿದರೆ ಊಳಿಡಲು ಶುರು ಮಾಡುತ್ತದೆ, ಬೇಗ ಸವೆಯುತ್ತದೆ. ಪಿನಿಯನ್ ಆಳ, ಬೇರಿಂಗ್ ಬಿಗಿ, ಹಲ್ಲುಗಳ ಆಟ ಹೊಂದಿಸುವುದು ಅಳತೆ ಉಪಕರಣ ಮತ್ತು ಅಭ್ಯಾಸ ಎರಡೂ ಬೇಡುವ ಕೆಲಸ. ಬ್ಯಾಂಜೊ ಆಕ್ಸಲ್‌ನ ಒಂದು ಅನುಕೂಲ ಅಂದರೆ, ಮೊದಲೇ ಹೊಂದಿಸಿಟ್ಟ ಗಂಟನ್ನು ಇಡಿಯಾಗಿ ತಂದು ಕೂರಿಸಬಹುದು. ನಾನು ಹಾಗೇ ಮಾಡಿದೆ. ಕೊಳ್ಳುವ ಮೊದಲು ಹಾಫ್ ಶಾಫ್ಟ್‌ನ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ ಹೋಲಿಸಿದೆ. ಗಂಟನ್ನು ಬೆಂಚಿನ ಮೇಲಿಟ್ಟು ಪಿನಿಯನ್ ಫ್ಲೇಂಜ್ 43 ಸುತ್ತು ತಿರುಗಿಸಿ, ಕ್ರೌನ್ ವೀಲ್ 11 ಸುತ್ತು ಬಂದದ್ದನ್ನು ನೋಡಿಯೇ ದುಡ್ಡು ಕೊಟ್ಟೆ. ಮಾರುವವರು ಬಾಯಲ್ಲಿ ಹೇಳಿದ ಅನುಪಾತ ನಂಬಿ ತರಬೇಡಿ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ.

ಕೂರಿಸಿದ ಮೇಲೆ ಹೈಪಾಯ್ಡ್ ಗೇರಿಗೆಂದೇ (ಇಂಥ ಆಕ್ಸಲ್‌ನ ಗೇರ್ ಜೋಡಿಯ ಬಗೆ) ಬರುವ 90 ದರ್ಜೆಯ, ಹೆಚ್ಚು ಒತ್ತಡ ತಾಳುವ ಇಪಿ ಎಣ್ಣೆಯನ್ನು ಫಿಲ್ಲರ್ ತೂತಿನ ಅಂಚಿನವರೆಗೆ ತುಂಬಿಸಿ, ಆಕ್ಸಲ್ ಮೇಲಿನ ಗಾಳಿ ತೂತು ಕಟ್ಟಿಲ್ಲವೆಂದು ನೋಡಿಕೊಳ್ಳಿ. ಅದು ಕಟ್ಟಿದರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲ್ ದಾಟಿಸಿ ಬ್ರೇಕ್ ಡ್ರಮ್ಮಿಗೆ ತಳ್ಳುತ್ತದೆ. ಆಮೇಲೆ ಮತ್ತೆ ಅದೇ ರಸ್ತೆಗೆ ಹೋಗಿ ಅದೇ ಮೂರು ಅಂಕಿ ಬರೆದುಕೊಳ್ಳಿ. ನನಗೆ ಜಿಪಿಎಸ್‌ನಲ್ಲಿ 100 ಇದ್ದಾಗ ಸ್ಪೀಡೋಮೀಟರ್ 62, ಟ್ಯಾಕೋಮೀಟರ್ 3,450 ಮತ್ತು 3,500ರ ನಡುವೆ ಬಂತು. ಕೈ ಗೇರ್ ಲಿವರ್ ಕಡೆ ಹೋಗಲಿಲ್ಲ.